ಕಲ್ಯಾಣಮ್ಮ ಹಾಸಿದ ನೆಲ

ನನಗೆ ಬರುವ ಕಲೆ ಒಂದೇ: ಇಕ್ಕಟ್ಟಾದ ಕೋಣೆಯನ್ನು ಫೋಟೋದಲ್ಲಿ ಅರಮನೆಯಾಗಿಸುವುದು. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಬಿಲ್ ಹರಿಯುವವನಿಗೆ ಇದೇ ಹೆಚ್ಚೆಂದು ಬೀಗುತ್ತಿದ್ದೆ. ಆ ಕಲೆಯಿಂದ ಮನೆ ಕಳೆದುಕೊಂಡವರು ಕಲ್ಯಾಣಮ್ಮ.

ಗೋವಿಂದರಾಜನಗರದ ನಮ್ಮ ಕಟ್ಟಡದಲ್ಲಿ ನಾನು ಟೆರೇಸ್ ರೂಮಿನವನು, ಮಧ್ಯದಲ್ಲಿ ಓನರ್ ಗಂಗಾಧರಯ್ಯ, ಕೆಳಗೆ ಕಲ್ಯಾಣಮ್ಮ. ದಾವಣಗೆರೆಯವರು. ಗಂಡ ತೀರಿಕೊಂಡ ಮೇಲೆ, ಕೆಲಸಕ್ಕೆ ಹೋಗುವ ತಾಯಂದಿರ ಕೂಸುಗಳನ್ನು ಹಗಲು ನೋಡಿಕೊಳ್ಳುತ್ತಿದ್ದರು. ಏಳು ಮಕ್ಕಳು, ನಾಲ್ಕು ಅಂಬೆಗಾಲಿನವು. ಮನೆಯೋ ಮೊದಲು ಗೋಡೌನ್ ಆಗಿದ್ದದ್ದು. ನೆಲದ ಸಿಮೆಂಟ್ ಸವೆದು ಜಲ್ಲಿ ಎದ್ದಿತ್ತು. ಮೊದಲ ವಾರವೇ ಮಕ್ಕಳ ಮೊಣಕಾಲು ತರಚಿದವು.

"ಟೈಲ್ಸ್ ಎಲ್ಲ ಆಗಲ್ಲಮ್ಮ," ಎಂದರು ಗಂಗಾಧರಯ್ಯ. "ನೀವೇ ಏನಾದ್ರೂ ಹಾಸ್ಕೊಳ್ಳಿ, ಗಮ್ ಮಾತ್ರ ಹಾಕ್ಬೇಡಿ. ಹನ್ನೊಂದು ತಿಂಗಳ ಅಗ್ರಿಮೆಂಟ್ ಹೆಸರಿಗಷ್ಟೆ, ಎಷ್ಟು ವರ್ಷ ಬೇಕಾದ್ರೂ ಇರಿ."

ಆ ಮಾತು ನಂಬಿ ಅವರು ಮರದ ಹಲಗೆಯಂತೆ ಕಾಣುವ ವಿನೈಲ್ ಶೀಟ್ ತಂದರು. ಟೆರೇಸಿನ ಬಿಸಿಲಲ್ಲಿ ಬಿಚ್ಚಿಟ್ಟು ಮೆತ್ತಗಾಗಿಸಿದರು. ತಗ್ಗುಗಳಿಗೆ ಹಳೇ ಪೇಪರ್, ಅದರ ಮೇಲೆ ಫೋಮ್, ಮೇಲೆ ಶೀಟ್, ಅಂಚಿಗೆ ಟೇಪ್. ತಿಂಗಳಿಗೊಂದು ಭಾನುವಾರ ಅಷ್ಟನ್ನೂ ಎತ್ತಿ, ತೇವ ಒಣಗಿಸಿ, ಮತ್ತೆ ಹಾಸಬೇಕು. ನಾನು ಸಹಾಯಕ್ಕೆ ಹೋದರೆ ಶೀಟಿನಡಿ ಗಾಳಿ ಗುಳ್ಳೆ ಏಳುತ್ತಿತ್ತು.

"ಇದು ನೆಲಾನೋ, ಪೂರಿನೋ?" ಎಂದು ನಗುತ್ತ ಮಂಡಕ್ಕಿ ಮೆಣಸಿನಕಾಯಿ ಕೊಡುತ್ತಿದ್ದರು.

ಹತ್ತನೇ ತಿಂಗಳಲ್ಲಿ ಗಂಗಾಧರಯ್ಯ ನನ್ನನ್ನು ತಡೆದರು. "ಸುಘೋಷ್, ಕೆಳಗಡೆ ಮನೇದು ಒಂದೆರಡು ಫೋಟೋ ತೆಗೀಯಪ್ಪ. ಮೈಸೂರಲ್ಲಿರೋ ಮಗಳು ನೋಡ್ಬೇಕಂತೆ."

ಒಂದೆರಡಲ್ಲ, ಹನ್ನೆರಡು ತೆಗೆದೆ. ತೊಟ್ಟಿಲನ್ನು ಅಡುಗೆಮನೆಗೆ ತಳ್ಳಿ, ಕಿಟಕಿ ತೆರೆದು, ನೆಲ ಹೊಳೆಯುವ ಹಾಗೆ. ಒರೆಸಿಕೊಟ್ಟವರು ಕಲ್ಯಾಣಮ್ಮನವರೇ.

ಮುಂದಿನ ವಾರ ನನ್ನ ರಜೆಯ ದಿನ, ಮಕ್ಕಳು ಮಲಗಿದ್ದ ಹೊತ್ತಿಗೆ ಯಾರೋ ಗಂಡ ಹೆಂಡತಿ ಬಂದು ಕಲ್ಯಾಣಮ್ಮನವರ ಬಾಗಿಲು ತಟ್ಟಿದರು.

"ಆಂಟಿ, ಮನೆ ಖಾಲಿ ಆಗತ್ತಂತಲ್ಲ? ವುಡನ್ ಫ್ಲೋರಿಂಗ್ ಅಂತ ಹಾಕಿದ್ರು," ಎಂದು ಆಕೆ ಮೊಬೈಲ್ ತೋರಿಸಿದಳು. ಮೆಟ್ಟಿಲಿಳಿದು ಬಂದ ನಾನೂ ಇಣುಕಿದೆ. ಬಾಡಿಗೆ ಜಾಹೀರಾತು. ಹನ್ನೆರಡೂ ಫೋಟೋ ನನ್ನವೇ.

ಕಲ್ಯಾಣಮ್ಮ ಮೇಲಕ್ಕೆ ಹೋಗಿ ಕೇಳಿದರು. "ಹನ್ನೊಂದು ತಿಂಗಳು ಅಂತ ಬರ್ದಿದೆಯಲ್ಲಮ್ಮ," ಎಂದರು ಗಂಗಾಧರಯ್ಯ. "ಮಕ್ಕಳ ಗಲಾಟೆ ಬೇರೆ. ಹೋಗುವಾಗ ಶೀಟ್ ಹಾಗೇ ಬಿಟ್ಬಿಡಿ, ಅವ್ರು ಅದನ್ನ ನೋಡೇ ಒಪ್ಪಿರೋದು."

"ಅವ್ರು ಒಪ್ಪಿದ್ದು ನನ್ನ ಶೀಟ್ನ. ನಿಮ್ಮ ನೆಲಾನೂ ಒಂದ್ಸಲ ನೋಡ್ಲಿ ಬಿಡಿ."

ಖಾಲಿ ಮಾಡಿದ ದಿನ ಅವರೊಬ್ಬರೇ ಶೀಟ್ ಸುತ್ತಿ ಆಟೋಗೆ ಹಾಕಿದರು. ಏಳರಲ್ಲಿ ಮೂರು ಮಕ್ಕಳನ್ನು ತಾಯಂದಿರು ಆಗಲೇ ಬೇರೆ ಕಡೆ ಸೇರಿಸಿದ್ದರು.

"ಆಂಟಿ, ಮಗಳಿಗೆ ಅಂತಂದ್ರು. ನಂಗೊತ್ತಿರ್ಲಿಲ್ಲ."

"ಸರಿ. ತೊಟ್ಟಿಲು ಯಾಕೋ ತಳ್ಳಿದೆ?"

"ಫೋಟೋ ಚೆನ್ನಾಗಿ ಬರ್ಲಿ ಅಂತ..."

"ಬಂತಲ್ಲ," ಎಂದರು.

ಹೊಸ ಮನೆ ಎಲ್ಲಿ ಎಂದು ಕೇಳಿದೆ. ಆಟೋ ಹತ್ತಿ ಕೂತು ಹೇಳಿದರು: "ನಿಂಗೆ ಹೇಳಲ್ಲ ಕಣಪ್ಪ. ಅಲ್ಲಿ ಮಕ್ಕಳು ಆಡ್ಬೇಕು."