ಪುರುಷೋತ್ತಮ ರೈಗಳು ಅಳೆದ ಸೇರುಗಳು

ನನ್ನ ಸೋದರಮಾವ ಪುರುಷೋತ್ತಮ ರೈ ಮದ್ರಾಸಿನ ಕಾಲೇಜೊಂದರಲ್ಲಿ ಆರ್ಥಿಕ ಇತಿಹಾಸ ಕಲಿಸುತ್ತಿದ್ದರು. ಮುಳ್ಳೇರಿಯದಿಂದ ಎರಡು ಮೈಲು ಒಳಗಿದ್ದ ನಮ್ಮ ಪಾದೆಮಾರು ಮನೆಯಲ್ಲಿ ಆ ವಿಷಯ ಎಂಥದ್ದೆಂದು ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಹಿಂದಿನ ಕಾಲದ ಜನ ಎಷ್ಟು ಬೆಳೆದರು, ಎಷ್ಟು ಉಂಡರು, ಎಷ್ಟನ್ನು ಯಾರಿಗೆ ಕೊಟ್ಟರು ಎಂದು ಹುಡುಕುವ ಕೆಲಸ ಎಂದು ಅವರೊಮ್ಮೆ ತಂಗಿ ಕಮಲಳಿಗೆ, ಅಂದರೆ ನನ್ನ ಅಮ್ಮನಿಗೆ, ವಿವರಿಸಿದ್ದರಂತೆ. ಅದನ್ನು ತಿಳಿದು ಈಗ ಯಾರಿಗೆ ಎಂತ ಆಗಬೇಕು ಎಂದು ಅಮ್ಮ ಕೇಳಿದರೆ ಅವರು ನಕ್ಕರಂತೆ. ಊರಿನವರೂ ಅದನ್ನೇ ಕೇಳುತ್ತಿದ್ದರು. ಆದರೆ ಅವರು ಉತ್ತರಕ್ಕೆ ಕಾಯಲಿಲ್ಲ; ತಮಗೆ ತೋಚಿದ್ದನ್ನೇ ನಂಬಿಕೊಂಡರು.

ನಮ್ಮದು ಅಳಿಯಸಂತಾನದ ಮನೆ. ಆಸ್ತಿ ಹೆಣ್ಣುಮಕ್ಕಳ ಕವಲಿನಲ್ಲಿ ಇಳಿಯುತ್ತಿತ್ತು, ಯಜಮಾನಿಕೆ ಗಂಡಸರದ್ದು. ಆ ಕಾಲದ ಯಜಮಾನರು ನನ್ನ ಅಜ್ಜಿ ಅಕ್ಕುವಿನ ಅಣ್ಣ ಹರಿನಾಥ ರೈಗಳು. ತಂಗಿಯ ಮಗ ಪುರುಷೋತ್ತಮನನ್ನು ಕಾಸರಗೋಡಿನ ಹೈಸ್ಕೂಲಿಗೆ, ಅಲ್ಲಿಂದ ಮಂಗಳೂರಿಗೆ, ಮದ್ರಾಸಿಗೆ ಕಳಿಸಿ ಓದಿಸಿದವರು ಅವರೇ. ವಕೀಲನಾಗಿ ಬರುತ್ತಾನೆ ಎಂದು ಅವರು ಎಣಿಸಿದ್ದರು. ಬಂದವನು ಮೇಷ್ಟ್ರು.

ಸಾವಿರದ ಒಂಬೈನೂರ ಮೂವತ್ತೆಂಟರ ಬೇಸಿಗೆ ರಜೆಯಲ್ಲಿ ಪುರುಷೋತ್ತಮ ಮಾವ ಕಾಲೇಜಿನ ಪ್ರಯೋಗಶಾಲೆಯಿಂದ ಕೇಳಿ ತಂದ ಗಾಜಿನ ಅಳತೆಪಾತ್ರೆಯೊಂದನ್ನು ಹುಲ್ಲಿನಲ್ಲಿ ಸುತ್ತಿ ತಂದರು. ಗೇಣಿ ಅಳೆಯುವ ಸೇರು ಎಲ್ಲ ಮನೆಗಳಲ್ಲೂ ಒಂದೇ ಗಾತ್ರದ್ದೋ ಎಂದು ನೋಡುವುದು ಅವರ ಉದ್ದೇಶ. ಹಳೆಯ ದಸ್ತಾವೇಜಿನಲ್ಲಿ ಇಷ್ಟು ಸೇರು ಅಕ್ಕಿ ಎಂದು ಬರೆದಿರುತ್ತದೆ. ಆ ಸೇರು ಎಷ್ಟು ದೊಡ್ಡದು ಎಂದು ತಿಳಿಯದೆ ಒಕ್ಕಲು ಎಷ್ಟು ಕೊಟ್ಟ ಎಂದು ಹೇಳುವುದಾದರೂ ಹೇಗೆ? ಮದ್ರಾಸಿನಲ್ಲಿ ಕುಳಿತಾಗ ಇದು ಸುಲಭದ ಕೆಲಸವಾಗಿ ಕಂಡಿತ್ತು.

ಮೊದಲ ಮನೆಯಲ್ಲೇ ಸೇರು ಕಾಣೆಯಾಗಿತ್ತು. ಎರಡನೆಯ ಮನೆಯಲ್ಲಿ ಅದು ಒಡೆದಿತ್ತು. ಮೂರನೆಯ ಮನೆಯವರು ಮಜ್ಜಿಗೆ ಕೊಟ್ಟು, ಕುಶಲ ವಿಚಾರಿಸಿ, ಸರಕಾರ ಈ ಕೆಲಸಕ್ಕೆ ಎಷ್ಟು ಸಂಬಳ ಕೊಡುತ್ತದೆ ಎಂದು ಕೇಳಿದರು. ಗೇಣಿಗೆ ಕಾನೂನು ತರಲು ಸರಕಾರ ಕಳಿಸಿದ ಜನ ಎಂದು ಧಣಿಗಳು ತಿಳಿದರು. ಗೇಣಿ ಏರಿಸಲು ಪಾದೆಮಾರಿನವರು ಕಳಿಸಿದ ಜನ ಎಂದು ಒಕ್ಕಲುಗಳು ತಿಳಿದರು. ಆದರೂ ಅವರು ಬಿಡಲಿಲ್ಲ. ಯಾರ ಹೆಸರನ್ನೂ ಎಲ್ಲೂ ಹೊರಗೆ ಹಾಕುವುದಿಲ್ಲ ಎಂದು ಮಾತು ಕೊಟ್ಟು, ಎರಡು ಬೇಸಿಗೆಗಳಲ್ಲಿ ಮೂವತ್ತೇಳು ಮನೆಗಳ ಸೇರು ಅಳೆದರು. ಹೆಚ್ಚಿನ ಮನೆಗಳಲ್ಲಿ ಇದ್ದದ್ದು ಎರಡು ಸೇರು. ಕೂಲಿ ಕೊಡಲು ಒಂದು, ಗೇಣಿ ತೆಗೆದುಕೊಳ್ಳಲು ಸ್ವಲ್ಪ ದೊಡ್ಡದು ಇನ್ನೊಂದು.

ಸ್ವಂತ ಮನೆಯದನ್ನು ಅವರು ಕೊನೆಗೆ ಇಟ್ಟುಕೊಂಡಿದ್ದರು. ಯಜಮಾನರು ತಂಗಿಯನ್ನು ಕರೆದು ಸೇರು ತರಿಸಿದರು. ಅಳೆದು ನೋಡಿದರೆ ಸರಕಾರಿ ಸೇರಿಗೂ ಅದಕ್ಕೂ ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ಇನ್ನೊಂದು ಉಂಟಾ ಎಂದು ಕೇಳಿದ್ದಕ್ಕೆ, ಇಲ್ಲ ಎಂದರು ಯಜಮಾನರು. ಪುರುಷೋತ್ತಮ ಮಾವ ಹೆಮ್ಮೆಯಿಂದಲೇ ಬರೆದುಕೊಂಡರು.

ಮರುದಿನ ಅವರು ನಮ್ಮ ಒಕ್ಕಲು ಬಟ್ಯನ ಗದ್ದೆಗೆ ಹೋದರು. ಬಟ್ಯ ಇವರಿಗಿಂತ ಹತ್ತು ವರ್ಷಕ್ಕೆ ಹಿರಿಯ, ಅಳೆದು ತೂಗಿ ಮಾತಾಡುವವನು. ಸೇರಿನ ವಿಷಯ ಎತ್ತಿದಾಗ ಅವನು ಬದುವಿನ ಮಣ್ಣು ಮೆತ್ತುತ್ತಲೇ ಇದ್ದ. ತಲೆ ಎತ್ತದೆ ಒಂದೇ ಮಾತು ಕೇಳಿದ.

"ಧಣಿಗಳು ನಿಮಗೆ ಯಾವುದನ್ನು ತೋರಿಸಿದ್ರು?"

ಅಷ್ಟು ಕೇಳಿ ಅವನು ಮುಂದಿನ ಬದುವಿಗೆ ಹೋದ. ಆ ಮಾತನ್ನು ಪುರುಷೋತ್ತಮ ಮಾವ ಅಳತೆ ಬರೆಯುವ ಪುಸ್ತಕದಲ್ಲಿ ಹಾಗೆಯೇ ಬರೆದಿಟ್ಟರು, ಬಟ್ಯನ ಹೆಸರಿನ ಸಮೇತ. ಪುಸ್ತಕವನ್ನು ತಮ್ಮ ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ಸ್ವಂತ ಮನೆಯಲ್ಲಿ ಅವರು ಬೀಗ ಹಾಕಿದ್ದು ಅದೇ ಮೊದಲು ಎಂದು ಅಮ್ಮ ಹೇಳುತ್ತಿದ್ದಳು. ಯಜಮಾನರು ಅದನ್ನು ಕಂಡಿದ್ದರು.

ಮುಂದಿನ ಒಂಬತ್ತು ವರ್ಷ ಯಜಮಾನರ ಮತ್ತು ಸೋದರಳಿಯನ ನಡುವೆ ಜಗಳವೇನೂ ಆಗಲಿಲ್ಲ. ಅಳಿಯನಿಗೆ ಮನೋರಮಾ ಅತ್ತೆಯೊಂದಿಗೆ ಮದುವೆಯಾಯಿತು, ಯಜಮಾನರೇ ಮುಂದೆ ನಿಂತು ಮಾಡಿಸಿದರು. ಯುದ್ಧ ಬಂತು, ಅಕ್ಕಿಗೆ ರೇಷನ್ ಬಂತು. ರಜೆಗೆ ಬಂದ ಅಳಿಯ ಊಟಕ್ಕೆ ಕುಳಿತಾಗ ಅಕ್ಕಿ ಯಾವ ಗದ್ದೆಯದು ಎಂದು ಕೇಳಿದರೂ ಯಜಮಾನರ ಮುಖ ಬಿಗಿಯುತ್ತಿತ್ತು. ಯಜಮಾನರು ದಾರಿಖರ್ಚಿಗೆ ಇರಲಿ ಎಂದು ಏನಾದರೂ ಕೊಟ್ಟರೆ, ಇದು ಯಾಕೆ ಎಂದು ಅಳಿಯ ಒಳಗೊಳಗೇ ಕೇಳಿಕೊಳ್ಳುತ್ತಿದ್ದರು.

ನಲವತ್ತೆಂಟರ ಮೇ ತಿಂಗಳಲ್ಲಿ ಪೊಲೀಸರು ಬಂದರು. ಕಮ್ಯುನಿಸ್ಟರನ್ನು ಹುಡುಕಿ ಹಿಡಿಯುತ್ತಿದ್ದ ವರ್ಷ ಅದು. ನೆಟ್ಟಗೆ ಟ್ರಂಕಿನ ಬಳಿಗೇ ಹೋಗಿ, ಬೀಗ ತೆಗೆಸಿ, ಪುಸ್ತಕಗಳನ್ನೂ ಮನುಷ್ಯನನ್ನೂ ಠಾಣೆಗೆ ಕೊಂಡೊಯ್ದರು. ಒಕ್ಕಲುಗಳ ಹೆಸರು, ಮನೆ, ಗದ್ದೆ, ಪಕ್ಕದಲ್ಲಿ ಅಂಕಿ. ಈ ಮೂವತ್ತೇಳು ಮನೆಗಳಲ್ಲಿ ಯಾರು ಯಾರು ಪಕ್ಷದವರು ಎಂದು ಇನ್‌ಸ್ಪೆಕ್ಟರ್ ಕೇಳಿದರು. ಅವು ಸೇರಿನ ಅಳತೆಗಳು ಎಂದರು ಪುರುಷೋತ್ತಮ ಮಾವ. ಕಾಲೇಜಿನಲ್ಲಿ ಪಾಠ ಹೇಳುವವರಿಗೆ ಹಳ್ಳಿಯ ಸೇರು ಯಾಕೆ ಎಂದು ಇನ್‌ಸ್ಪೆಕ್ಟರ್. ಎರಡು ದಿನ ಇದೇ ಪ್ರಶ್ನೆ, ಇದೇ ಉತ್ತರ. ಮೇಜಿನ ಮೇಲೆ ಕನ್ನಡದಲ್ಲಿ ಬರೆದ ಒಂದು ಮೂಗರ್ಜಿ ಇತ್ತು. ಟ್ರಂಕು ಯಾವ ಕೋಣೆಯಲ್ಲಿದೆ ಎಂಬುದನ್ನೂ ಅದರಲ್ಲಿ ಬರೆದಿದ್ದರು.

ಮೂರನೆಯ ದಿನ ಯಜಮಾನರೇ ಬಂದು, ದೊಡ್ಡವರಿಂದ ಹೇಳಿಸಿ ಬಿಡಿಸಿಕೊಂಡು ಹೋದರು. ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತಿದ್ದರು. ಟ್ರಂಕಿರುವ ಕೋಣೆ ಹೊರಗಿನವರಿಗೆ ಹೇಗೆ ಗೊತ್ತಾಯಿತು ಎಂಬ ಪ್ರಶ್ನೆಯನ್ನು ಪುರುಷೋತ್ತಮ ಮಾವ ಕೇಳಲಿಲ್ಲ. ಉತ್ತರ ಪಕ್ಕದಲ್ಲೇ ಕುಳಿತಿದೆ ಎಂದು ಅವರಿಗೆ ಅನಿಸಿತ್ತು. ಪೊಲೀಸರ ಕಾಗದ ಮದ್ರಾಸಿಗೂ ಹೋಯಿತು. ಆ ವರ್ಷ ಸಿಗಬೇಕಿದ್ದ ಪ್ರೊಫೆಸರ್ ಹುದ್ದೆ ಅವರಿಗಿಂತ ಕಿರಿಯರಿಗೆ ಸಿಕ್ಕಿತು. ಸ್ಟಾಫ್ ರೂಮಿನಲ್ಲಿ ಅವರು ಬಂದಾಗ ಮಾತು ನಿಲ್ಲುತ್ತಿತ್ತು. ಪುಸ್ತಕಗಳು ವಾಪಸು ಸಿಕ್ಕಿದ್ದು ಒಂದೂವರೆ ವರ್ಷದ ಮೇಲೆ. ಆರು ವರ್ಷ ಅವರು ಊರಿಗೆ ಬರಲಿಲ್ಲ.

ಐವತ್ತನಾಲ್ಕರಲ್ಲಿ ಅಕ್ಕು ಅಜ್ಜಿ ಹಾಸಿಗೆ ಹಿಡಿದಾಗ ಬಂದರು. ಒಂದು ಮಧ್ಯಾಹ್ನ ಅಜ್ಜಿ ಮಗನನ್ನು ಹತ್ತಿರ ಕೂರಿಸಿಕೊಂಡು ಹೇಳಿದಳು.

"ಆ ದಿನ ಅಣ್ಣ ಸೇರು ತಾ ಅಂದ. ಯಾವುದು ಅಂತ ಹೇಳಲಿಲ್ಲ. ಸಣ್ಣದನ್ನು ತಂದದ್ದು ನಾನು. ನೀನು ಬರೆದುಕೊಳ್ಳುವವ ಅಲ್ವಾ, ಮನೆಯ ಮರ್ಯಾದೆ ಅಂತ ತಂದೆ."

"ಮಾವನಿಗೆ ಗೊತ್ತಾಗಲಿಲ್ವಾ?"

"ಅವನು ನೋಡಿದ. ಎಂತದೂ ಹೇಳಲಿಲ್ಲ. ದೊಡ್ಡದು ನನ್ನ ಮಂಚದ ಅಡಿಯಲ್ಲಿ ಉಂಟು, ತೆಗೆ."

ಅಳೆದರು. ಬಟ್ಯ ಕೊಡುತ್ತಿದ್ದ ಪ್ರತಿ ಎಂಟು ಸೇರಿಗೆ ಇನ್ನೂ ಒಂದು ಸೇರು ಹೆಚ್ಚೇ ಈ ಮನೆಯೊಳಗೆ ಬರುತ್ತಿತ್ತು. ತಮ್ಮ ಕಾಲೇಜಿನ ಫೀಸು ಎಲ್ಲಿಂದ ಬಂದಿತ್ತೆಂದು ಅವರಿಗೆ ಆಗ ಹೊಳೆಯಿತು ಎಂದು ಅಮ್ಮ ಹೇಳುತ್ತಿದ್ದಳು.

ಅಂದೇ ಸಂಜೆ ಜಗಲಿಯಲ್ಲಿ ಯಜಮಾನರ ಎದುರು ಕುಳಿತು, ಮೂಗರ್ಜಿಯ ವಿಷಯವನ್ನು ಮೊದಲ ಬಾರಿಗೆ ಕೇಳಿದರು. ಯಜಮಾನರು ಹಿಂಜರಿಯಲಿಲ್ಲ.

"ಬರೆದದ್ದು ನಾನಲ್ಲ. ಬರೆಯುವವನ ಹತ್ತಿರ ನಿನ್ನ ಟ್ರಂಕಿನ ಮಾತು ಆಡಿದ್ದು ನಾನು. ಬರೆಯುತ್ತಾನೆ ಅಂತ ಗೊತ್ತಿತ್ತು, ತಡೆಯಲಿಲ್ಲ."

"ಯಾಕೆ ಮಾವ?"

"ಅಳಿಯಸಂತಾನದ ಮನೆ ಪಾಲು ಮಾಡುವ ಕಾನೂನು ಬರ್ತದೆ ಅಂತ ಆಗ ಮಾತು ಇತ್ತಲ್ಲ? ನೀನು ಗದ್ದೆ ಗದ್ದೆ ಸುತ್ತಿ ಬರೆದುಕೊಂಡು, ಬೀಗ ಹಾಕಿ ಇಟ್ಟೆ. ಮನೆ ಒಡೆಯಲಿಕ್ಕೆ ತಯಾರಿ ಮಾಡ್ತಿದ್ದಿ ಅಂತ ಎಣಿಸಿದೆ. ಸ್ವಲ್ಪ ಹೆದರಿದರೆ ಸುಮ್ಮನಾಗ್ತಿ ಅಂತ."

ಪುರುಷೋತ್ತಮ ಮಾವ ಪುಸ್ತಕ ತಂದು, ಅವರಿಗೆ ಪುಟ ಪುಟ ಓದಿ ಹೇಳಿದರು. ಪಾಲಿನ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಇದ್ದದ್ದು ಮೂವತ್ತೇಳು ಮನೆಗಳ ಸೇರು. ಕೇಳಿ ಮುಗಿದ ಮೇಲೆ ಯಜಮಾನರು, ಇದು ಅಚ್ಚಾಗುವಾಗ ನಮ್ಮ ಮನೆಯ ಹೆಸರು ಬರುತ್ತದಾ ಎಂದು ವಿಚಾರಿಸಿದರು. ಬೇರೆಯವರದ್ದು ಬರುವುದಿಲ್ಲ, ಅವರಿಗೆ ಮಾತು ಕೊಟ್ಟಿದ್ದೇನೆ; ನಮ್ಮದು ಎರಡೂ ಅಳತೆಗಳ ಸಮೇತ ಬರುತ್ತದೆ ಎಂದರು ಅಳಿಯ. ಯಜಮಾನರು ಎದ್ದು ಒಳಗೆ ಹೋದರು. ಐದನೆಯ ದಿನ, ಮದ್ರಾಸಿಗೆ ಹೊರಡುವ ಹೊತ್ತಿಗೆ, ಬರೆಯುವುದಾದರೆ ಅಂಕಿ ತಪ್ಪದ ಹಾಗೆ ಬರೆ ಎಂದಷ್ಟೇ ಹೇಳಿದರು.

ಆ ಸುಗ್ಗಿಯಲ್ಲಿ ಯಜಮಾನರು ಗೇಣಿಯನ್ನು ಸಣ್ಣ ಸೇರಿನಲ್ಲಿ ಅಳೆಸಿದರು. ಬಟ್ಯನಿಗೆ ಸಂತೋಷವಾಗಲಿಲ್ಲ, ಹೆದರಿಕೆಯಾಯಿತು. ಗದ್ದೆ ಬಿಡಿಸುವ ಹೊಸ ಉಪಾಯ ಎಂದು ತಿಳಿದು, ಉಳಿದ ಅಕ್ಕಿಯನ್ನು ಮನೆಯಲ್ಲಿ ಬೇರೆಯಾಗಿ ಇಟ್ಟು, ಧಣಿಗಳು ಕೇಳಿದರೆ ಕೊಡಲು ಕಾದನಂತೆ. ಮೂರು ಸುಗ್ಗಿ ಕಳೆದರೂ ಯಾರೂ ಕೇಳದಿದ್ದಾಗ ಅದನ್ನು ಉಂಡ.

ಐವತ್ತೈದರಲ್ಲಿ ಪುರುಷೋತ್ತಮ ಮಾವ ಪ್ರೊಫೆಸರ್ ಆದರು. ಮರುವರ್ಷ ಕಾಸರಗೋಡು ಕೇರಳಕ್ಕೆ ಸೇರಿತು. ಅದರ ಮರುವರ್ಷ ಅವರ ಪುಸ್ತಕ ಮದ್ರಾಸಿನಲ್ಲಿ ಅಚ್ಚಾಯಿತು. ಇಂಗ್ಲಿಷ್ ಓದಲಾರದ ನೆಂಟರು ಅದರಲ್ಲಿ ತಮ್ಮ ಹೆಸರೂ ಇದೆ ಎಂದು ನಂಬಿ ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದರು. ಕೇರಳದ ಹೊಸ ಕಮ್ಯುನಿಸ್ಟ್ ಸರಕಾರದಲ್ಲಿ ಹುದ್ದೆ ಹಿಡಿಯಲು ಬರೆದದ್ದು ಎಂದು ಕೆಲವರು ಆಡಿಕೊಂಡರು. ಅವರು ಯಾರಿಗೂ ಸಮಜಾಯಿಷಿ ಕೊಡಲಿಲ್ಲ. ತಿಂಗಳಿಗೊಮ್ಮೆ ಮಾತ್ರ ಯಜಮಾನರಿಗೆ ಕಾಗದ ಬರೆಯುತ್ತಿದ್ದರು. ಯಜಮಾನರು ಅದನ್ನು ಜಗಲಿಯಲ್ಲಿ ಕುಳಿತು, ಕೇಳುವವರಿದ್ದರೂ ಇಲ್ಲದಿದ್ದರೂ ದೊಡ್ಡದಾಗಿ ಓದುತ್ತಿದ್ದರು.