ಕೆಸರಕ್ಕನ ಖಾಲಿ ಸೀಸೆ
ಕೆರೆಯ ತಳದ ಕೆಸರಿನಲ್ಲಿ ಸತ್ತ ಬ್ಯಾಕ್ಟೀರಿಯಾಗಳ ಕೊಬ್ಬನ್ನು ಹುಡುಕುವ ಈ ಸಂಶೋಧಕಿಯನ್ನು ಪ್ರಯೋಗಾಲಯದವರೆಲ್ಲ ಕೆಸರಕ್ಕ ಎನ್ನುತ್ತಾರೆ, ಅವರಿಗೂ ಬೇಸರವಿಲ್ಲ. ಬ್ಯಾಕ್ಟೀರಿಯಾದ ಹೊರಪೊರೆಯ ಕೊಬ್ಬಿಗೆ ಒಂದು ತಲೆ, ಒಂದು ಬಾಲ. ಸತ್ತ ಮೇಲೆ ತಲೆ ಬೇಗನೆ ಕಳಚುತ್ತದೆ, ಬಾಲ ಸಾವಿರಾರು ವರ್ಷ ಉಳಿದು ಅಂದಿನ ನೀರು ಎಷ್ಟು ಬೆಚ್ಚಗಿತ್ತೆಂದು ತಿಳಿಸುತ್ತದೆ. ಇಷ್ಟನ್ನೂ ಅವರು ಲಿಫ್ಟಿನಲ್ಲಿ ಸಿಕ್ಕವರಿಗೆ ಮೂರನೇ ಮಹಡಿ ಬರುವಷ್ಟರಲ್ಲಿ ವಿವರಿಸಿ ಮುಗಿಸುತ್ತಾರೆ. ಮನುಷ್ಯರ ಮೈಯ ಜಿಡ್ಡು ಅವರ ವೈರಿ. "ಕೈಗೇನು ಹಚ್ಕೊಂಡಿದೀರಿ ಸಾರ್? ತೊಳ್ಕೊಂಡು ಬನ್ನಿ," ಎಂದು ನಿರ್ದೇಶಕರನ್ನೇ ಬಾಗಿಲಿಂದ ಹಿಂದಕ್ಕೆ ಕಳಿಸಿದವರು. ಪ್ರತಿ ಸಲವೂ ಕೆಸರು ಹಾಕದ ಒಂದು ಖಾಲಿ ಸೀಸೆಯನ್ನು ಜೊತೆಗೆ ಪರೀಕ್ಷಿಸುತ್ತಾರೆ. ಅದರಲ್ಲಿ ಏನೂ ಕಾಣಬಾರದು; ಕಂಡರೆ ಹೊರಗಿನ ಜಿಡ್ಡು ಕೆಸರಿಗೂ ಬೆರೆತಿದೆ ಎಂದರ್ಥ. ಹನ್ನೊಂದು ತಿಂಗಳು ಕೂಡಿಟ್ಟ ಕೆಸರನ್ನೆಲ್ಲ ಪರೀಕ್ಷಿಸಿದ ವಾರ ಆ ಖಾಲಿ ಸೀಸೆಯಲ್ಲೇ ಕೊಬ್ಬು ಕಂಡಿತು. "ಬಿಡಿ ಅಕ್ಕಾ, ಚೂರೇ ಚೂರು. ಯಾರು ನೋಡ್ತಾರೆ?" ಎಂದರು ಪರೀಕ್ಷೆಯ ಯಂತ್ರ ನಡೆಸುವವರು. "ನಾನು ನೋಡಿದ್ನಲ್ಲಪ್ಪ," ಎಂದ ಕೆಸರಕ್ಕ ಫಲಿತಾಂಶವನ್ನೂ ಅದನ್ನು ನಂಬಿ ಹಾಕಿದ್ದ ಕಾಯಂ ಹುದ್ದೆಯ ಅರ್ಜಿಯನ್ನೂ ಹಿಂತೆಗೆದುಕೊಂಡರು. ಆ ಕೊಬ್ಬಿನ ಜಾಡು ಹಿಡಿದು ಹೋದರೆ ಸಿಕ್ಕಿದ್ದು ಒಂದು ಮುಲಾಮು. ತೊಳೆದು ತೊಳೆದು ಬಿರಿದ ಕೆಸರಕ್ಕನ ಬೆರಳುಗಳನ್ನು ನೋಡಲಾರದೆ ಅವರ ತಾಯಿ ದಿನವೂ ಮಗಳು ಏಳುವ ಮುಂಚೆ ಅದನ್ನು ಸವರುತ್ತಿದ್ದರು. ಬಿರುಕಿಗಿಳಿದದ್ದು ಎಷ್ಟು ತೊಳೆದರೂ ಹೋಗಿರಲಿಲ್ಲ. "ಉರಿ ಕಮ್ಮಿ ಆಯ್ತೇನೇ?" ಎಂದು ತಾಯಿ ಕೇಳಿದರು. "ಪೂರ್ತಿ ವಾಸಿಯಾಯ್ತಮ್ಮ, ಇನ್ನು ಹಚ್ಚೋದು ಬೇಡ," ಎಂದಷ್ಟೇ ಹೇಳಿ, ಕೆಸರಕ್ಕ ಮೊದಲಿನಿಂದ ಕೆಸರು ತೆಗೆಯಲು ಮತ್ತೆ ಕೆರೆಗೆ ಹೊರಟರು.