ಒಂದು ಎಳೆ ಸುಟ್ಟು ನೋಡು

ಉಣ್ಣೆ ಸುಡುವ ವಾಸನೆ ಯಾರಿಗೂ ಹಿಡಿಸುವುದಿಲ್ಲ. ಕೂದಲು ಸುಟ್ಟ ಹಾಗೆ ಚುರ್ರೆಂದು ಮೂಗಿಗೆ ಏರುತ್ತದೆ. ಹಾರೋಹಳ್ಳಿಯ ರಸ್ತೆ ಬದಿಯ ನನ್ನ ಶೆಡ್ಡಿಗೆ ಗೇಟು ಮಾಡಿಸಲು ಬಂದವರು ಮೂಗು ಮುಚ್ಚಿಕೊಂಡು ಆಚೆ ಹೋಗಿ ನಿಲ್ಲುತ್ತಾರೆ. ನನಗೆ ಮಾತ್ರ ಆ ವಾಸನೆ ಬಂದರೆ ಕೈ ತಾನಾಗಿ ನಿಂತುಬಿಡುತ್ತದೆ. ವೆಲ್ಡಿಂಗಿನ ಕಿಡಿಯೊಂದು ಹಾರಿ, ನಾನು ಎದೆಗೆ ಕಟ್ಟಿಕೊಂಡ ಕರಿ ಕಂಬಳಿಯ ಮೇಲೆ ಬಿದ್ದು, ಸಾಸಿವೆ ಕಾಳಿನಷ್ಟು ಜಾಗ ಕೆಂಪಾಗಿ, ಕರಕಲಾಗಿ, ಅಲ್ಲೇ ಆರಿಹೋಗಿರುತ್ತದೆ. ಬೆರಳಿನಲ್ಲಿ ಉಜ್ಜಿದರೆ ಚಿಟಿಕೆ ಬೂದಿ. ಆ ಬೂದಿಯ ಆಚೆಗೆ ವಿರೂಪಾಕ್ಷಿಪುರದ ಪಕ್ಕದಲ್ಲಿ ನಮ್ಮ ಮನೆ ಇದೆ. ಇದೆ ಎಂದೆ, ನೋಡಿ! ಇತ್ತು ಎನ್ನಬೇಕು. ಇಷ್ಟು ವರ್ಷವಾದರೂ ನನ್ನ ಬಾಯಿಗೆ ಆ 'ಇತ್ತು' ಸಲೀಸಾಗಿ ಬರುವುದಿಲ್ಲ.

ನಾಡ ಹೆಂಚಿನ, ಉದ್ದನೆಯ ಜಗಲಿಯ ಮನೆ ಅದು. ಬಲಕ್ಕೆ ತಾತನ ಕುರಿದೊಡ್ಡಿ, ಎಡಕ್ಕೆ ಚಿಕ್ಕಪ್ಪನ ವೆಲ್ಡಿಂಗ್ ಚಪ್ಪರ. ಹೀಗಾಗಿ ಮನೆಗೆ ಎರಡು ವಾಸನೆ, ಎರಡು ಸದ್ದು. ಒಂದು ಕಡೆ ಹಿಕ್ಕೆ, ಹುರುಳಿ ಹೊಟ್ಟು, ಹಾಲು ಕುಡಿಯುವ ಮರಿಗಳ ಮ್ಯಾ ಮ್ಯಾ. ಇನ್ನೊಂದು ಕಡೆ ಕಾದ ಕಬ್ಬಿಣ, ತುಕ್ಕು, ಗ್ರೈಂಡರಿನ ಕಿರುಚಾಟ. ಅಪ್ಪ ಅಮ್ಮ ಇಬ್ಬರೂ ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಕಡೆ ದುಡಿಯುತ್ತಿದ್ದರು. ನನ್ನನ್ನು ಅಜ್ಜಿಯ ಬಳಿ ಬಿಟ್ಟಿದ್ದರು. ಅಜ್ಜಿ ಜಗಲಿಯ ಮೇಲೆ ಕಾಲು ಚಾಚಿ ಕೂತು ಉಣ್ಣೆ ನೂಲುತ್ತಿದ್ದಳು. ಹಿಂಜಿದ ಉಣ್ಣೆಯನ್ನು ಹಿಡಿ ಹಿಡಿಯಾಗಿ ಕೊಡುವ ಕೆಲಸ ನನ್ನದು. ಆ ಉಣ್ಣೆಯ ಜಿಡ್ಡು ಮೆತ್ತಿಕೊಂಡು ಅಂಗೈ ದಿನವಿಡೀ ಮೃದುವಾಗಿರುತ್ತಿತ್ತು. ಯಾರಾದರೂ ಕಂಬಳಿ ಮಾರಲು ಬಂದರೆ ಅಜ್ಜಿ ಬೆಲೆ ಕೇಳುವ ಮೊದಲು ಅಂಚಿನಿಂದ ಒಂದು ಎಳೆ ಕಿತ್ತು ಬೆಂಕಿಕಡ್ಡಿ ಗೀರುತ್ತಿದ್ದಳು. ಎಳೆ ಮುದುರಿ, ಕೂದಲಿನ ವಾಸನೆ ಬಿಟ್ಟು, ಪುಡಿಯಾಗಿ ಆರಿದರೆ ಅದು ಕುರಿಯ ಉಣ್ಣೆ. ಕರಗಿ ಮಣಿಯಂತೆ ಗಟ್ಟಿಯಾದರೆ ಮಾರುವವನಿಗೆ ಮರ್ಯಾದೆ ಇರುತ್ತಿರಲಿಲ್ಲ. "ಇದ್ಯಾವ ಕುರಿಲಾ? ಪ್ಲಾಸ್ಟಿಕ್ ಮೇಯೋ ಕುರಿಯಾ?" ಎಂದು ಬೀದಿಯವರೆಗೂ ಅಟ್ಟಿಸಿಕೊಂಡು ಹೋಗುತ್ತಿದ್ದಳು.

ಚಿಕ್ಕಪ್ಪ ಮಾದೇಶನಿಗೆ ಭಯ ಎಂಬುದೇ ಇರಲಿಲ್ಲ. ಲುಂಗಿ ಮೇಲೆ ಕಟ್ಟಿ, ಹವಾಯಿ ಚಪ್ಪಲಿ ಮೆಟ್ಟಿ, ಜಾತ್ರೆಯಲ್ಲಿ ಕೊಂಡ ಕೂಲಿಂಗ್ ಗ್ಲಾಸು ಹಾಕಿಕೊಂಡು ಟ್ರ್ಯಾಕ್ಟರಿನ ಟ್ರೈಲರಿಗೆ ವೆಲ್ಡಿಂಗ್ ಮಾಡುತ್ತಿದ್ದ. ಅವನ ಮುಂಗೈ ತುಂಬ ಕಿಡಿಯ ಚುಕ್ಕೆಗಳು. "ಬೆಂಕಿಗೂ ನಂಗೂ ಸಂಬಂಧ ಬೆಳೆದೈತೆ, ಬುಡು" ಎನ್ನುತ್ತಿದ್ದ. ಮಾಗಡಿ ಕಡೆಯಿಂದ ಸೊಸೆಯಾಗಿ ಬಂದ ರತ್ನ ಚಿಕ್ಕಮ್ಮನಿಗೆ ಈ ಮಾತು ಕೇಳಿದರೆ ಮೈ ಉರಿಯುತ್ತಿತ್ತು. "ನಿಮ್ಮ ಸಂಬಂಧಿಕ ಒಂದಿನ ಉಂಡು, ನಿಮ್ಮನ್ನೂ ಉಂಡು ಹೋಯ್ತಾನೆ, ನೋಡ್ತಿರಿ" ಎನ್ನುತ್ತಿದ್ದಳು. ಅವಳಿಗೆ ಇದ್ದದ್ದು ಒಂದೇ ಹಟ: ತನ್ನ ಗಂಡನ ಎರಡು ಕೈಯೂ ಮದುವೆಯ ದಿನ ತನ್ನ ಕೈ ಹಿಡಿದಾಗ ಹೇಗಿದ್ದವೋ ಹಾಗೇ ಉಳಿಯಬೇಕು. ಚನ್ನಪಟ್ಟಣದಿಂದ ಚರ್ಮದ ಏಪ್ರನ್ನು, ಚರ್ಮದ ಗ್ಲೌಸು ತಾನೇ ಹೋಗಿ ತಂದಳು. ಅಜ್ಜಿ ಹೊಸಿಲಿನಲ್ಲೇ ತಡೆದಳು. ದೇವರ ಪೆಟ್ಟಿಗೆ ಇರುವ ಮನೆಗೆ ಅಂಗಡಿಯ ತೊಗಲು ಬರಕೂಡದು.

"ಏನಮ್ಮಿ, ಡೊಳ್ಳು ಏನ್ ಬಾಳೆಲೇಲಿ ಮಾಡಿರ್ತಾರಾ?" ಎಂದು ತಾತ ದೊಡ್ಡಿಯಿಂದಲೇ ಕೆಣಕಿದ.

"ಡೊಳ್ಳು ದೇವ್ರುದು. ಇದು ಯಾವನದೋ ಅಂಗಡೀದು. ನೀನು ಕುರಿ ನೋಡ್ಕೊ."

ಹೀಗೆ ಚರ್ಮದ ಏಪ್ರನ್ನು ಹೊರಗಿನ ಹೊಂಗೆ ಮರಕ್ಕೆ ನೇತುಬಿತ್ತು. ಎರಡು ಮಳೆಗೆ ನೆನೆದು ಒಣಗಿ ಹಪ್ಪಳವಾಯಿತು. ಗ್ಲೌಸಿನಲ್ಲಿ ಅಳಿಲು ಮನೆ ಮಾಡಿತು. ಹಾಗಾದರೆ ಒಂದು ಹಳೆಯ ಕಂಬಳಿಯನ್ನಾದರೂ ಕತ್ತರಿಸಿ ಕೊಡಿ ಎಂದು ಚಿಕ್ಕಮ್ಮ ಕೇಳಿದಳು. ಅದಕ್ಕೂ ಅಜ್ಜಿ ಒಪ್ಪಲಿಲ್ಲ. ಕಂಬಳಿ ಎಂದರೆ ದೇವರಿಗೆ ಗದ್ದುಗೆ. ಹಾಸಿದರೆ ಚಪ್ಪಲಿ ಬಿಟ್ಟು ದಾಟಬೇಕು, ಹರಿದರೆ ಹೊಲಿಯಬೇಕು, ಅದಕ್ಕೆ ಕತ್ತರಿ ಮುಟ್ಟಿಸುವುದು ನಮ್ಮ ಮನೆಯಲ್ಲಿ ಇರಲೇ ಇಲ್ಲ.

ಆ ವರ್ಷ ಚಳಿ ಜೋರಿತ್ತು. ಚಿಕ್ಕಮ್ಮ ತವರಿಗೆ ಹೋಗಿ ಬರುವಾಗ ಅಜ್ಜಿಗೆಂದು ಒಂದು ದೊಡ್ಡ ಬ್ಲಾಂಕೆಟ್ ತಂದಳು. ಹುಲಿಯ ಚಿತ್ರದ್ದು, ಬೆಕ್ಕಿನ ಮೈಯಂತೆ ನುಣ್ಣಗೆ, ಎತ್ತಿದರೆ ಮಗುವಿನಷ್ಟು ಭಾರ. ಅಜ್ಜಿ ಅದನ್ನು ತೊಡೆಯ ಮೇಲೆ ಹರಡಿ ಸವರಿದಳು. ಪಕ್ಕದಲ್ಲೇ ಕೂತಿದ್ದ ನನಗೆ ಅವಳ ಬಲಗೈಯ ಎರಡು ಬೆರಳು ಅಂಚಿಗೆ ಹೋಗಿ ಒಂದು ಎಳೆಯನ್ನು ಹಿಡಿದದ್ದು ಕಂಡಿತು. ಚಿಕ್ಕಮ್ಮ ಎದುರಿಗೇ ನಿಂತಿದ್ದಳು, ಮುಖವರಳಿಸಿ, ಇನ್ನೂ ಬಸ್ಸಿನ ಧೂಳು ತೊಳೆಯದೆ. ಅಜ್ಜಿಯ ಬೆರಳು ಎಳೆಯನ್ನು ಬಿಟ್ಟಿತು. ಸೊಸೆ ಪ್ರೀತಿಯಿಂದ ತಂದದ್ದನ್ನು ಸುಟ್ಟು ನೋಡುವುದು ಹೇಗೆ? "ದಪ್ಪಗೈತೆ ಕಣವ್ವ, ಒಳ್ಳೇದೇ ತಂದಿದ್ದೀಯ. ನಂಗೆ ನನ್ನ ಕಂಬಳಿ ಐತೆ. ಇದ ನಿನ್ನ ಗಂಡುಂಗೆ ಏನಾರ ಹೊಲ್ಕೊಡು" ಎಂದಳು.

ನಮ್ಮ ಮನೆಯ ತಪ್ಪು ಇದೇ ಇರಬೇಕು. ಕಂಬಳಿಗೆ ಬೆಂಕಿ ಹತ್ತುವುದನ್ನು ನಾವು ಯಾರೂ ಕಂಡಿರಲಿಲ್ಲ. ಬೇಲಿಗೆ ಬೆಂಕಿ ಬಿದ್ದರೆ ತಾತ ಹೆಗಲ ಕಂಬಳಿಯಿಂದಲೇ ಬಡಿದು ಆರಿಸುತ್ತಿದ್ದ. ಒಲೆಯ ಕೆಂಡ ಸಿಡಿದರೆ ಕಂಬಳಿಯ ಮೇಲೆ ಅದು ಅಲ್ಲೇ ಸಾಯುತ್ತಿತ್ತು. ಹೊದೆಯುವುದೆಲ್ಲ ಕಂಬಳಿಯೇ, ದಪ್ಪವಿದ್ದದ್ದೆಲ್ಲ ಬೆಂಕಿಯನ್ನು ತಡೆಯುತ್ತದೆ ಎಂದು ನಂಬಿದ್ದೆವು. ಚಿಕ್ಕಮ್ಮ ಹುಲಿಯ ಬ್ಲಾಂಕೆಟ್ಟನ್ನು ಕತ್ತರಿಸಿ ತೋಳು ಸಮೇತ ಏಪ್ರನ್ನು ಹೊಲಿದಳು. ಹುಲಿಯ ಮುಖ ಸರಿಯಾಗಿ ಚಿಕ್ಕಪ್ಪನ ಹೊಟ್ಟೆಯ ಮೇಲೆ ಬಂತು. "ಲೇ ಮಾದೇಸ, ಹುಲಿವೇಷ ಯಾವಾಗ್ಲಾ ಕುಣಿತೀಯ?" ಎಂದು ಟ್ರ್ಯಾಕ್ಟರಿನವರು ನಕ್ಕರು. ಚಿಕ್ಕಪ್ಪನೂ ನಕ್ಕ. ಹೆಂಡತಿಯ ಮಾತಿಗೆ ಕಟ್ಟುಬಿದ್ದು ಅದನ್ನು ದಿನವೂ ತೊಟ್ಟ. ಚಿಕ್ಕಮ್ಮ ಆ ದಿನಗಳಲ್ಲಿ ಅಡುಗೆ ಮಾಡುತ್ತ ಹಾಡಿಕೊಳ್ಳುತ್ತಿದ್ದಳು. ಅವಳ ಎದೆಯಿಂದ ಒಂದು ಭಾರ ಇಳಿದಿತ್ತು.

ಒಂದು ದಿನ ಬೆಳಿಗ್ಗೆ ಚಿಕ್ಕಪ್ಪ ಟ್ರೈಲರಿನ ಹಳೆಯ ತಳವನ್ನು ಗ್ಯಾಸಿನಲ್ಲಿ ಕತ್ತರಿಸುತ್ತಿದ್ದ. ವೆಲ್ಡಿಂಗಿನ ಕಿಡಿ ಸಿಡಿಯುತ್ತದೆ. ಕಟಿಂಗಿನ ಕಿಡಿ ಹಾಗಲ್ಲ, ಅದು ಸುರಿಯುತ್ತದೆ, ಕರಗಿದ ಕಬ್ಬಿಣವೇ ಧಾರೆಯಾಗಿ ಹರಿಯುತ್ತದೆ. ನಾನು ಜಗಲಿಯಲ್ಲಿ ಅಜ್ಜಿಗೆ ಉಣ್ಣೆ ಕೊಡುತ್ತಿದ್ದೆ. ಮೊದಲು ಬಂದದ್ದು ವಾಸನೆ. ಕೂದಲಿನದ್ದಲ್ಲ, ಬಕೆಟ್ ಸುಟ್ಟಂಥದ್ದು. ಅಜ್ಜಿ ತಲೆಯೆತ್ತಿದಳು. ಚಿಕ್ಕಪ್ಪ ಬಗ್ಗಿಯೇ ಇದ್ದ, ಕಪ್ಪು ಗಾಜಿನ ಹಿಂದೆ ಅವನಿಗೆ ಕತ್ತರಿಸುವ ಗೆರೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಹುಲಿಯ ಗಲ್ಲದಲ್ಲಿ ಸಣ್ಣ ನೀಲಿ ಉರಿ, ನೋಡನೋಡುತ್ತಿದ್ದಂತೆ ಆ ನುಣ್ಣನೆಯ ರೋಮದ ಮೇಲೆ ಓಡಿತು, ಎಡ ತೋಳಿಗೆ ಏರಿತು. ಚಿಕ್ಕಪ್ಪ ಬಡಿದುಕೊಂಡಷ್ಟೂ ಕರಗಿದ್ದು ಕೈಗೇ ಅಂಟಿತು. ತಾತ ಮರಿಯನ್ನು ಕೆಳಗಿಟ್ಟು ಓಡಿಬಂದು ಸಿಲಿಂಡರುಗಳ ಬಾಯಿ ತಿರುಗಿಸಿದ. ಅಜ್ಜಿ ಒಳಗೆ ಓಡಿದಳು. ಹೊರಬಂದಾಗ ಅವಳ ಕೈಯಲ್ಲಿ ಇದ್ದದ್ದು ದೇವರ ಪೆಟ್ಟಿಗೆಯ ಮೇಲಿನ ಗದ್ದುಗೆ ಕಂಬಳಿ, ಅರಿಶಿನ ಕುಂಕುಮ ಅಂಟಿದ್ದು, ಹಬ್ಬಕ್ಕೆ ಬಿಟ್ಟರೆ ಯಾರೂ ಮುಟ್ಟದ್ದು. ಅದನ್ನು ಮಗನ ಮೈಗೆ ಸುತ್ತಿ, ಅವನನ್ನು ನೆಲಕ್ಕೆ ಕೆಡವಿ, ತಾನೂ ಮೇಲೆ ಬಿದ್ದಳು. ಉರಿ ಉಸಿರಿಲ್ಲದೆ ಸತ್ತಿತು.

"ಕೀಳ್ಬ್ಯಾಡಿ! ಅಂಟಿರೋದ ಕೀಳ್ಬ್ಯಾಡಿ, ಚರ್ಮನೂ ಬಂದ್ಬುಡ್ತದೆ! ನೀರು ಉಯ್ಯಿರಿ, ಉಯ್ತಾನೇ ಇರಿ!" ತಾತನ ಕೂಗು. ಚಿಕ್ಕಮ್ಮ ಕೊಳಾಯಿಯ ಕೆಳಗೆ ಗಂಡನ ಕೈ ಹಿಡಿದು ಕೂತಳು. ಯಾರೋ ರಾಗಿ ಹಿಟ್ಟು ಹಚ್ಚಿ ಎಂದರೆ ಅವರನ್ನು ದುರುಗುಟ್ಟಿ ನೋಡಿದಳು. ಬಾಯಲ್ಲಿ ಒಂದೇ ಮಾತು, "ನಾನೇ ಹೊಲ್ದೆ, ನಾನೇ ಹೊಲ್ದೆ." ಆಸ್ಪತ್ರೆಗೆ ಒಯ್ಯುವ ಆಟೋ ಬರುವವರೆಗೂ ನೀರು ನಿಲ್ಲಿಸಲಿಲ್ಲ.

ಚಿಕ್ಕಪ್ಪ ಉಳಿದ. ಕೈಯೂ ಉಳಿಯಿತು, ಆದರೆ ಮದುವೆಯ ದಿನದ ಕೈಯಲ್ಲ. ಎಡಗೈಯ ಚರ್ಮ ಬಿಗಿದು ಹೊಳೆಯುತ್ತಿತ್ತು. ಕಿರುಬೆರಳು ಮಡಚಿದ್ದು ಮತ್ತೆ ನೆಟ್ಟಗಾಗಲಿಲ್ಲ. ಅವನು ಮನೆಗೆ ಬಂದ ದಿನ ಅಜ್ಜಿ ಜಗಲಿಯ ಮೇಲೆ ಆ ಸುಟ್ಟ ಗದ್ದುಗೆ ಕಂಬಳಿಯನ್ನು ಹಾಸಿ, ಕೈಮುಗಿದು, ಕತ್ತರಿ ತೆಗೆದಳು. ಚಿಕ್ಕಮ್ಮ ಓಡಿಬಂದು ಅವಳ ಕೈ ಹಿಡಿದಳು. "ಬ್ಯಾಡ ಅತ್ತೆ. ದೇವ್ರುದು. ತಪ್ಪು ನಂದು."

"ನಿಂದಲ್ಲ ಕಣವ್ವ. ತೊಗಲ ಬಾಗ್ಲಾಚೆ ಮಡಗ್ದೆ, ಕಂಬ್ಳಿ ಪೆಟ್ಗೆ ಮೇಲೆ ಮಡಗ್ದೆ. ಮಧ್ಯದಲ್ಲಿ ನನ್ನ ಮಗ ಬರಿಮೈಲಿ ನಿಂತಿದ್ದ. ಊರೋರ ಕಂಬ್ಳೀನೆಲ್ಲ ಸುಟ್ಟು ನೋಡ್ದೋಳು, ನೀ ತಂದಿದ್ದ ಒಂದು ಎಳೆ ಸುಟ್ಟು ನೋಡಕ್ಕೆ ನಾಚ್ಕೊಂಡೆ. ದೇವ್ರ ಗದ್ದುಗೆ ಇನ್ಮೇಲೆ ಇವನ ಮೈಮೇಲೆ ಇರ್ಲಿ. ಹಿಡ್ಕೊ ಆ ಕೊನೆ."

ಇಬ್ಬರೂ ಕೂತು ಅದನ್ನು ಏಪ್ರನ್ನಾಗಿ ಹೊಲಿದರು. ಅತ್ತೆ ಒಂದು ಕಡೆಯಿಂದ, ಸೊಸೆ ಇನ್ನೊಂದು ಕಡೆಯಿಂದ. ನಡುವೆ ದಾರ ಪೋಣಿಸಿ ಕೊಡಲು ನಾನು. ಹೊಂಗೆ ಮರಕ್ಕೆ ತೂಗಿದ್ದ ಗ್ಲೌಸನ್ನು ಬಿಸಾಡಿದರು. ಹೊಸ ಚರ್ಮದ ಗ್ಲೌಸು ಹೊಸಿಲು ದಾಟಿ ಬಂದು ಒಳಗಿನ ಗೂಟಕ್ಕೆ ತೂಗಿತು. ಚಿಕ್ಕಪ್ಪ ಬೂಟು ಹಾಕಿದ, ಸರಿಯಾದ ಗಾಜಿನ ಶೀಲ್ಡು ಹಿಡಿದ, ದೊಡ್ಡಿಗೂ ಚಪ್ಪರಕ್ಕೂ ನಡುವೆ ತಗಡಿನ ಮರೆ ಕಟ್ಟಿದ. ಚಿಕ್ಕಮ್ಮ ಅಂದಿನಿಂದ ಮನೆಯ ತನಿಖಾಧಿಕಾರಿ. ದೀಪಾವಳಿಗೆ ತಂದ ಅಂಗಿಯಾಗಲಿ, ನೆಂಟರು ಕೊಟ್ಟ ಸ್ವೆಟರಾಗಲಿ, ಒಂದು ಎಳೆ ಕಿತ್ತು ಒಲೆಗೆ ಹಿಡಿಯದೆ ಯಾರ ಮೈಗೂ ಏರಿಸುತ್ತಿರಲಿಲ್ಲ. "ಒಸಿ ತಾಳಮ್ಮ, ನನ್ನ ಲಂಗೋಟಿನೂ ಸುಟ್ಟು ನೋಡೀಯ!" ಎಂದು ತಾತ ನಗಿಸುತ್ತಿದ್ದ.

ಆಮೇಲಿನದು ನಿಮ್ಮ ಮನೆಗಳಲ್ಲೂ ಆದದ್ದೇ. ತಾತ ಹೋದ, ಕುರಿ ಹೋದವು, ಹಿಂದೆಯೇ ಅಜ್ಜಿ. ಮನೆ ಪಾಲಾಗಿ, ಹೆಂಚು ಇಳಿದು, ಗೋಡೆ ಮಳೆಗೆ ಕರಗಿತು. ಈಗ ಆ ಜಗಲಿಯಿದ್ದ ಕಡೆ ಯಾರದೋ ಟೊಮೇಟೊ ಕ್ರೇಟುಗಳು ಪೇರಿಸಿರುತ್ತವೆ. ಚಿಕ್ಕಪ್ಪ ಹಾರೋಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಸ್ಟೋರಿನ ಕೆಲಸಕ್ಕೆ ಸೇರಿದ. ನಾನು ವೆಲ್ಡಿಂಗ್ ಕಲಿಯುತ್ತೇನೆ ಎಂದಾಗ ತನ್ನ ಎಡಗೈಯನ್ನು ನನ್ನ ಮುಂದೆ ಚಾಚಿ, "ಇದ ನೋಡ್ಕೊಂಡೂ ಕೇಳ್ತೀಯಾ ಮಗ?" ಎಂದ. ಕಲಿಸಲಿಲ್ಲ. ನಾನು ಬಿಡಲೂ ಇಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡಿ, ಗುಜರಿ ಕಬ್ಬಿಣದ ಮೇಲೆ ರಾಡು ಸುಟ್ಟು ಸುಟ್ಟು, ವಕ್ರ ವಕ್ರ ಹೊಲಿಗೆ ಹಾಕಿ ಕಲಿತೆ. ಮೊದಲ ಗೇಟು ನಿಲ್ಲಿಸಿದ ದಿನ ಚಿಕ್ಕಪ್ಪ ಬಂದು, ಜಾಯಿಂಟುಗಳನ್ನು ಉಗುರಿನಿಂದ ಕೆರೆದು ನೋಡಿ, ಚೀಲದಿಂದ ಆ ಕಂಬಳಿಯ ಏಪ್ರನ್ನು ತೆಗೆದು ನನ್ನ ಕೊರಳಿಗೆ ಹಾಕಿ ಹೋದ.

ನನ್ನ ಶೆಡ್ಡಿನ ಬಾಗಿಲಲ್ಲಿ ಒಂದು ಬೆಂಕಿಪೊಟ್ಟಣ ಇರುತ್ತದೆ. ಕೆಲಸಕ್ಕೆ ಬಂದವರು ಯಾರೇ ಆಗಲಿ, ಅವರ ಬಟ್ಟೆಯ ಒಂದು ಎಳೆ ಕಿತ್ತು ಸುಡುತ್ತೇನೆ. ಕರಗಿ ಮಣಿಯಾದರೆ ಬದಲಿಗೆ ಹತ್ತಿಯ ಅಂಗಿ ಕೊಡುತ್ತೇನೆ. ಅದನ್ನು ತೊಡದಿದ್ದರೆ ಆವತ್ತು ವೆಲ್ಡಿಂಗಿನ ಹೋಲ್ಡರ್ ಮುಟ್ಟುವಂತಿಲ್ಲ. "ಒಂದೇ ಟಾಕ ಕಣಕ್ಕ, ಒಂದ್ ಚುಕ್ಕಿ ಬೆಸುಗೆ, ಬಿರ್ನೆ ಹಾಕ್ಬುಟ್ಟು ಹೋಯ್ತೀನಿ" ಎನ್ನುವವರು ಇದ್ದೇ ಇರುತ್ತಾರೆ. ಬೆಂಕಿ ಎಣಿಸಿಕೊಂಡು ಬರುವುದಿಲ್ಲ ಎಂದು ಹೇಳಿ ನಾನು ಸ್ವಿಚ್ಚು ಆರಿಸುತ್ತೇನೆ. ನನಗೆ ಹುಚ್ಚು ಎಂದು ರಸ್ತೆಯವರೆಲ್ಲ ಹೇಳುತ್ತಾರಂತೆ. ಹೇಳಲಿ.

ಮೊನ್ನೆ ಚಿಕ್ಕಮ್ಮ ಬಂದಿದ್ದಳು. ಅಜ್ಜಿಯ ಏಪ್ರನ್ನು ಈಗ ಜರಡಿಯಾಗಿದೆ. ಬೆಳಕಿಗೆ ಹಿಡಿದರೆ ಆಕಾಶದ ಚುಕ್ಕಿಯಂತೆ ತೂತುಗಳು. ಅದನ್ನು ಹೋದ ಸಲವೇ ಅವಳು ನೋಡಿದ್ದಳು. ಎಲ್ಲೋ ಹುಡುಕಿ, ಇನ್ನೂ ನೇಯುವ ಮುದುಕರೊಬ್ಬರಿಂದ ಒಂದು ಕರಿ ಕಂಬಳಿ ಕೊಂಡು, ಬಸ್ಸಿನಲ್ಲಿ ಮಡಿಲಲ್ಲೇ ಇಟ್ಟುಕೊಂಡು ತಂದಿದ್ದಳು. ನಾನು ಎರಡು ಕೈಯಲ್ಲಿ ತೆಗೆದುಕೊಳ್ಳಲು ಹೋದೆ. ಅವಳು ಕೊಡಲಿಲ್ಲ. ಹೊಸಿಲಿನಾಚೆಯೇ ನಿಂತು ಬೆಂಕಿಪೊಟ್ಟಣದ ಕಡೆ ಕಣ್ಣು ತೋರಿದಳು.

"ನೀ ತಂದಿದ್ದ ಸುಟ್ಟು ನೋಡ್ಲಾ ಚಿಕ್ಕಮ್ಮ? ಬುಡು."

"ನಾ ತಂದಿದ್ದನ್ನೇ ಮೊದ್ಲು ಸುಡು" ಎಂದಳು ಚಿಕ್ಕಮ್ಮ.

ಅಂಚಿನಿಂದ ತಾನೇ ಒಂದು ಎಳೆ ಕಿತ್ತು ಹಿಡಿದಳು. ನಾನು ಕಡ್ಡಿ ಗೀರಿದೆ. ಎಳೆ ಮುದುರಿತು, ಒಂದು ಕ್ಷಣ ಕೆಂಪಾಯಿತು, ಆರಿತು. ನಾವಿಬ್ಬರೂ ಮೂಗು ಮುಚ್ಚಿಕೊಳ್ಳಲಿಲ್ಲ. ಆ ವಾಸನೆ ಇರುವಷ್ಟು ಹೊತ್ತು ಉದ್ದನೆಯ ಜಗಲಿ ಇತ್ತು, ಮರಿಗಳು ಕೂಗುತ್ತಿದ್ದವು, ಅಜ್ಜಿ ಕಾಲು ಚಾಚಿ ಕೂತು ಉಣ್ಣೆಗೆ ಕೈ ಚಾಚಿದ್ದಳು. ಗಾಳಿ ಬೀಸಿ ವಾಸನೆ ಹೋಯಿತು. ಚಿಕ್ಕಮ್ಮ ಬೆರಳಿನ ಬೂದಿಯನ್ನು ಸೆರಗಿಗೆ ಒರೆಸಿಕೊಂಡು, ಚಪ್ಪಲಿ ಬಿಟ್ಟು ಒಳಗೆ ಬಂದು, ಕಂಬಳಿಯನ್ನು ನೆಲಕ್ಕೆ ಹಾಸಿ ಕೈಮುಗಿದಳು. ಆಮೇಲೆ ಕತ್ತರಿ ಕೇಳಿದಳು. ನಾನು ಇನ್ನೊಂದು ಕೊನೆಯನ್ನು ಹಿಡಿದುಕೊಂಡೆ.